ಗೋಲಿನ ಕಾವಲುಗಾರ

ಆಟದ ಅಂಕಣದಲ್ಲಿ ನೋಡುಗರ ಕಣ್ಣು ಗೋಲು ಹೊಡೆಯುವವನನ್ನೇ ಹುಡುಕುವುದು ಸಹಜ. ಎದುರಾಳಿಯ ಹೊಡೆತವನ್ನು ತಡೆದವನ ಹೆಸರು ಬಹುಬೇಗ ಮರೆತುಹೋಗುತ್ತದೆ. ಆದರೆ ತಡೆಯುವ ಕಾರ್ಯದಿಂದಲೇ ಕೀರ್ತಿಗೆ ಪಾತ್ರನಾದ ಆಟಗಾರನೊಬ್ಬನಿದ್ದಾನೆ. ಅವನೇ ಅಮೆರಿಕದ ಸ್ಟೀವ್ ಕ್ಯಾಶ್.

ಕ್ಯಾಶ್ ಹುಟ್ಟಿದ್ದು 1989ರಲ್ಲಿ. ಬೆಳೆದದ್ದು ಮಿಸೌರಿ ರಾಜ್ಯದಲ್ಲಿ. ಮೂರು ವರ್ಷದ ಕೂಸಾಗಿದ್ದಾಗಲೇ ಅವನಿಗೆ ಮೂಳೆಯ ಕ್ಯಾನ್ಸರ್ ತಗುಲಿತು. ರೋಗದಿಂದ ಪ್ರಾಣ ಉಳಿಯಿತು. ಆದರೆ ಬಲಗಾಲನ್ನು ಕಳೆದುಕೊಳ್ಳಬೇಕಾಯಿತು. ಓಡಿಯಾಡಬೇಕಾದ ವಯಸ್ಸಿನಲ್ಲಿ ಒಂದು ಕಾಲನ್ನು ಕಳೆದುಕೊಂಡ ಆ ಬಾಲಕನಿಗೆ ಮುಂದೆ ಆಸರೆಯಾದದ್ದು ಸ್ಲೆಡ್ ಹಾಕಿ.

ಈ ಆಟವು 1960ರ ದಶಕದ ಆರಂಭದಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಹುಟ್ಟಿತು. ಕಾಲಿನ ಬಲವಿಲ್ಲದವರೂ ಮಂಜುಗಡ್ಡೆಯ ಮೇಲೆ ಹಾಕಿ ಆಡಬೇಕೆಂಬ ಹಂಬಲವೇ ಅದಕ್ಕೆ ಮೂಲ. ಎರಡು ಉಕ್ಕಿನ ಅಲಗುಗಳ ಮೇಲೆ ಜೋಡಿಸಿದ ತಗ್ಗಾದ ಆಸನವೇ ಸ್ಲೆಡ್. ಆಟಗಾರನು ಅದರಲ್ಲಿ ಕುಳಿತು, ಎರಡೂ ಕೈಗಳಲ್ಲಿ ಗಿಡ್ಡನೆಯ ಕೋಲುಗಳನ್ನು ಹಿಡಿಯುತ್ತಾನೆ. ಕೋಲಿನ ಒಂದು ತುದಿಯಲ್ಲಿರುವ ಲೋಹದ ಹಲ್ಲುಗಳನ್ನು ಮಂಜಿಗೆ ಊರಿ ಮುಂದೆ ಸಾಗುತ್ತಾನೆ. ಇನ್ನೊಂದು ತುದಿಯಿಂದ ಪಕ್ ಎಂಬ ರಬ್ಬರಿನ ಬಿಲ್ಲೆಯನ್ನು ಹೊಡೆಯುತ್ತಾನೆ. ಹೀಗೆ ಕೈಗಳೇ ಕಾಲುಗಳ ಕೆಲಸವನ್ನೂ ಮಾಡಬೇಕು.

ಗೋಲುರಕ್ಷಕನ ಪಾಡು ಇನ್ನೂ ಕಠಿನ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಗೋಲನ್ನು ಅವನು ಕುಳಿತಲ್ಲಿಂದಲೇ ಕಾಯಬೇಕು. ಎದ್ದು ನಿಲ್ಲುವಂತಿಲ್ಲ, ಹಾರುವಂತಿಲ್ಲ. ತೋಳಿನ ಚುರುಕು, ಕಣ್ಣಿನ ಎಚ್ಚರ, ಮನಸ್ಸಿನ ಸ್ಥಿರತೆ ಇವೇ ಅವನ ಆಯುಧಗಳು.

2006ರಲ್ಲಿ ಟ್ಯೂರಿನ್ ನಗರದ ಚಳಿಗಾಲದ ಪ್ಯಾರಾಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡವು ಕಂಚಿನ ಪದಕ ಗಳಿಸಿತು. ಆಗ ತಂಡದಲ್ಲಿದ್ದ ಕ್ಯಾಶನಿಗೆ ಹದಿನಾರೇ ವರ್ಷ. ನಾಲ್ಕು ವರ್ಷಗಳ ಬಳಿಕ, 2010ರ ವ್ಯಾಂಕೂವರ್ ಕೂಟದಲ್ಲಿ, ಅವನು ಐದು ಪಂದ್ಯಗಳಲ್ಲಿ ತನ್ನತ್ತ ಬಂದ 33 ಹೊಡೆತಗಳನ್ನೂ ತಡೆದನು. ಒಂದೇ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಅಂತಿಮ ಪಂದ್ಯದಲ್ಲಿ ಜಪಾನನ್ನು 2–0ರಿಂದ ಸೋಲಿಸಿ ಅಮೆರಿಕ ಚಿನ್ನ ಗೆದ್ದಿತು. 2014ರಲ್ಲಿ ಸೋಚಿಯಲ್ಲಿ ರಷ್ಯದ ಎದುರು 1–0ರ ಗೆಲುವು ಎರಡನೆಯ ಚಿನ್ನವನ್ನು ತಂದಿತು.

ಆದರೆ ಅವನ ಮನೋಧರ್ಮಕ್ಕೆ ನಿಜವಾದ ಪರೀಕ್ಷೆ ಒದಗಿದ್ದು 2018ರಲ್ಲಿ, ದಕ್ಷಿಣ ಕೊರಿಯದ ಪ್ಯೊಂಗ್‌ಚಾಂಗ್‌ನಲ್ಲಿ. ಅಂತಿಮ ಪಂದ್ಯದಲ್ಲಿ ಕೆನಡ 1–0ರಿಂದ ಮುಂದಿತ್ತು. ಆಟ ಮುಗಿಯಲು ಕೆಲವೇ ಗಳಿಗೆಗಳು ಉಳಿದಿದ್ದವು. ಗೋಲುರಕ್ಷಕನನ್ನು ಹೊರಕ್ಕೆ ಕರೆಸಿ, ಅವನ ಬದಲು ಇನ್ನೊಬ್ಬ ದಾಳಿಗಾರನನ್ನು ಇಳಿಸಲು ಈ ಆಟದಲ್ಲಿ ಅವಕಾಶವುಂಟು. ಅಮೆರಿಕ ಆ ಸಾಹಸಕ್ಕೆ ಕೈಹಾಕಿತು. ಕ್ಯಾಶ್ ತಾನು ಕಾಯುತ್ತಿದ್ದ ಗೋಲನ್ನು ಬರಿದಾಗಿ ಬಿಟ್ಟು ಹೊರನಡೆಯಬೇಕಾಯಿತು. ಕೆನಡದ ಆಟಗಾರನೊಬ್ಬನು ಆ ಬರಿಯ ಗೋಲಿನತ್ತ ಪಕ್ಕನ್ನು ಹೊಡೆದೇಬಿಟ್ಟನು! ಅದು ಕಂಬಕ್ಕೆ ಬಡಿದು ಹೊರಚಿಮ್ಮಿತು. ಆಟಕ್ಕೆ ಇನ್ನು 38 ಸೆಕೆಂಡುಗಳಷ್ಟೇ ಉಳಿದಿದ್ದಾಗ, ಡೆಕ್ಲನ್ ಫಾರ್ಮರ್ ಎಂಬ ತರುಣನು ಗೋಲು ಹೊಡೆದು ಪಂದ್ಯವನ್ನು ಸಮಗೊಳಿಸಿದನು. ಕ್ಯಾಶ್ ಮರಳಿ ತನ್ನ ಸ್ಥಾನಕ್ಕೆ ಬಂದನು. ಹೆಚ್ಚುವರಿ ಅವಧಿಯಲ್ಲಿ ಫಾರ್ಮರನೇ ಮತ್ತೊಂದು ಗೋಲು ಹೊಡೆದನು. ಮೂರನೆಯ ಚಿನ್ನವೂ ಒಲಿಯಿತು.

2021ರಲ್ಲಿ ಕ್ಯಾಶ್ ಆಟದಿಂದ ನಿವೃತ್ತನಾದನು. ಅವನ ಸಾಧನೆಯನ್ನು ತಡೆದ ಹೊಡೆತಗಳ ಲೆಕ್ಕದಿಂದ ಮಾತ್ರ ಅಳೆಯುವುದು ಸಲ್ಲದು. ತಂಡದ ಹಿತಕ್ಕೆ ತಾನು ನಿಲ್ಲಬೇಕಾದಾಗ ಅಚಲವಾಗಿ ನಿಂತನು. ತಾನು ಸರಿಯಬೇಕಾದಾಗ ಮನಸಾರೆ ಸರಿದನು. ನಿಲ್ಲುವುದಕ್ಕೆ ಶಕ್ತಿ ಬೇಕು. ಸರಿಯುವುದಕ್ಕೆ ಅದಕ್ಕಿಂತ ದೊಡ್ಡ ಮನಸ್ಸು ಬೇಕು.