ದಿನದ ದಾರಿಗೆ ಎಷ್ಟು ದೊಡ್ಡ ಕಾರು ಬೇಕು?

ನಮ್ಮ ಹಳೆಯ ಪುಟ್ಟ ಕಾರು ಇನ್ನು ಹೆಚ್ಚು ದಿನ ಬಾರದು ಎಂದು ಮೆಕ್ಯಾನಿಕ್ ಹೇಳಿದ್ದೇ ತಡ, ಮನೆಯಲ್ಲಿ ಎರಡು ಪಕ್ಷಗಳಾದವು. ನಮ್ಮೆಜಮಾನರಿಗೂ ಮಗನಿಗೂ ಏಳು ಸೀಟಿನ ದೊಡ್ಡ ಎಸ್‌ಯುವಿ ಬೇಕು. ಊರಿಗೆ ಎಲ್ಲರೂ ಒಟ್ಟಿಗೆ ಹೋಗಬಹುದು, ಗುಂಡಿಗಳಿಗೆ ಹೆದರಬೇಕಿಲ್ಲ, ಎತ್ತರದಲ್ಲಿ ಕೂತರೆ ಧೈರ್ಯ ಎಂಬುದು ಅವರ ವಾದ. ನನಗೆ ಸೆಡಾನ್ ಸಾಕು ಅನಿಸಿತ್ತು. ಕಾರನ್ನು ದಿನಾ ಓಡಿಸುವವಳು ನಾನು. ಜೆ.ಪಿ. ನಗರದಿಂದ ಹೊರಟು ಸಿಲ್ಕ್ ಬೋರ್ಡ್ ದಾಟಿ, ಹೊರ ವರ್ತುಲ ರಸ್ತೆ ಹಿಡಿದು ಬೆಳ್ಳಂದೂರಿಗೆ. ಸಂಜೆ ಅದೇ ದಾರಿಯಲ್ಲಿ ವಾಪಸ್.

ಇದು ನಮ್ಮ ಮನೆಯೊಂದರ ಚರ್ಚೆಯಲ್ಲ. 2024–25ರಲ್ಲಿ ದೇಶದಲ್ಲಿ ಮಾರಾಟವಾದ ಪ್ರಯಾಣಿಕ ವಾಹನಗಳಲ್ಲಿ ಸುಮಾರು ಶೇ 65ರಷ್ಟು ಎಸ್‌ಯುವಿ, ಎಂಪಿವಿಗಳೇ. ಅವುಗಳಲ್ಲಿ ನಾಲ್ಕು ಮೀಟರಿನೊಳಗಿನ ಚಿಕ್ಕವೂ ಸೇರಿವೆ. ಅವುಗಳ ಬಗ್ಗೆ ನನ್ನ ತಕರಾರಿಲ್ಲ. ನಾನು ಹೇಳಹೊರಟಿರುವುದು 20 ಲಕ್ಷ ದಾಟಿದ, ಎರಡು ಟನ್ ಸಮೀಪಿಸುವ ದೊಡ್ಡ ಗಾಡಿಗಳನ್ನು ಸಾಲ ಮಾಡಿ ಕೊಂಡು ದಿನಾ ಆಫೀಸಿಗೆ ಓಡಿಸುವ ಮಧ್ಯಮ ವರ್ಗದ ಮನೆಗಳ ಬಗ್ಗೆ.

2025ರ ಕೊನೆಯಲ್ಲಿ ನಾವು ಲೆಕ್ಕಕ್ಕೆ ಕೂತಾಗ ಎದುರಿಗಿದ್ದದ್ದು ಎರಡು ಆಯ್ಕೆ. 14 ಲಕ್ಷ ಎಕ್ಸ್‌ಶೋರೂಮ್ ದರದ ಒಂದು ಪೆಟ್ರೋಲ್ ಸೆಡಾನ್, 24 ಲಕ್ಷದ ಒಂದು ಎಸ್‌ಯುವಿ. ಅಂತರ ಹತ್ತು ಲಕ್ಷ ಅಂದುಕೊಂಡಿದ್ದೆವು. ಆದರೆ ಕರ್ನಾಟಕದಲ್ಲಿ ಕಾರು ಕೊಳ್ಳುವವರು ಶೋರೂಮ್ ದರ ನೋಡಿ ನಿಲ್ಲುವಂತಿಲ್ಲ. 10ರಿಂದ 20 ಲಕ್ಷದ ಪೆಟ್ರೋಲ್, ಡೀಸೆಲ್ ಕಾರಿಗೆ ಲೈಫ್ ಟ್ಯಾಕ್ಸ್ ಶೇ 17, 20 ಲಕ್ಷ ದಾಟಿದರೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಶೇ 11ರಷ್ಟು ಸೆಸ್. ಸೆಡಾನ್‌ಗೆ ಇದು ಸುಮಾರು 2.64 ಲಕ್ಷ, ಎಸ್‌ಯುವಿಗೆ 4.8 ಲಕ್ಷ ಬಂತು. ಎಂಜಿನ್ 1,500 ಸಿಸಿ ದಾಟಿದರೆ ವಿಮೆಯೂ ಏರುತ್ತದೆ. ಹೊಸ ಕಾರಿಗೆ ಕಡ್ಡಾಯವಾದ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 1,000ದಿಂದ 1,500 ಸಿಸಿವರೆಗೆ 10,640 ರೂಪಾಯಿ, ಅದಕ್ಕೆ ಮೇಲಾದರೆ 24,596 ರೂಪಾಯಿ. ಸೆಡಾನ್‌ಗಳಲ್ಲಿ ಹೋಂಡಾ ಸಿಟಿಯ ಎಂಜಿನ್ 1,498 ಸಿಸಿ ಇರುವುದರಿಂದ ಅದು ಕಡಿಮೆ ಕಂತಿನ ಕಡೆಗೇ ಉಳಿಯುತ್ತದೆ. ಎಲ್ಲ ಸೇರಿ ಆನ್‌ರೋಡ್ ದರ ಒಂದರದ್ದು ಹದಿನೇಳೂವರೆ ಲಕ್ಷದ ಹತ್ತಿರ, ಇನ್ನೊಂದರದ್ದು 30 ಲಕ್ಷ. ಹತ್ತು ಲಕ್ಷದ ಅಂತರ ಹನ್ನೆರಡೂವರೆ ಆಯಿತು.

ಈ ಹನ್ನೆರಡೂವರೆ ಲಕ್ಷ ನಮ್ಮ ಕೈಯಲ್ಲಿ ಇರಲಿಲ್ಲ. ಅಷ್ಟನ್ನೂ ಸಾಲ ಮಾಡಬೇಕಿತ್ತು. ಶೇ 9ರ ಬಡ್ಡಿಗೆ ಏಳು ವರ್ಷ ಹಿಡಿದರೆ ತಿಂಗಳ ಕಂತು 20,100 ರೂಪಾಯಿಯ ಆಸುಪಾಸು, ಒಟ್ಟು ಬಡ್ಡಿ 4.4 ಲಕ್ಷದಷ್ಟು. ಇದು ಇಡೀ ಎಸ್‌ಯುವಿಯ ಕಂತಲ್ಲ. ಸೆಡಾನ್ ಬಿಟ್ಟು ಎಸ್‌ಯುವಿ ಹಿಡಿದದ್ದಕ್ಕೆ ತಿಂಗಳು ತಿಂಗಳು ಕೊಡಬೇಕಾದ ಹೆಚ್ಚುವರಿ. ಏಳು ವರ್ಷದ ಸಾಲ ದೊಡ್ಡ ಗಾಡಿಯನ್ನು ಕೈಗೆಟುಕುವಂತೆ ಕಾಣಿಸುತ್ತದೆ. ಐದು ವರ್ಷಕ್ಕೆ ತೀರಿಸಲಾಗದ ಕಾರನ್ನು ಕೊಳ್ಳಬಾರದು ಎಂಬುದು ನಾನು ಮೊದಲಿನಿಂದ ಪಾಲಿಸಿಕೊಂಡು ಬಂದ ಕಟ್ಟಳೆ. ವಿಮಾ ಕಂಪನಿಗಳ ಲೆಕ್ಕದಲ್ಲೇ ನಾಲ್ಕು ವರ್ಷ ದಾಟಿದ ಕಾರಿನ ಬೆಲೆ ಅರ್ಧಕ್ಕೆ ಇಳಿದಿರುತ್ತದೆ. ಆಮೇಲೂ ಮೂರು ವರ್ಷ ಕಂತು ಕಟ್ಟುತ್ತಾ ಕೂರುವುದು ನನಗೆ ಒಪ್ಪಿಗೆಯಿಲ್ಲ.

ಜಿಎಸ್‌ಟಿ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಂದು ದರ ಬದಲಾದಾಗ ದೊಡ್ಡ ಎಸ್‌ಯುವಿಗಳ ತೆರಿಗೆ ಸೆಸ್ ಸೇರಿ ಶೇ 50 ಇದ್ದದ್ದು ಶೇ 40ಕ್ಕೆ ಇಳಿಯಿತು. ಮಧ್ಯಮ ಗಾತ್ರದ ಸೆಡಾನ್‌ಗಳದ್ದು ಶೇ 45ರಿಂದ ಅದೇ ಶೇ 40ಕ್ಕೆ ಬಂತು. ಮೊದಲು ಸೆಡಾನ್‌ಗಿದ್ದ ಸಣ್ಣ ಅನುಕೂಲ ಹೀಗೆ ಹೋಯಿತು. ನಿಜವಾದ ಲಾಭ ಆದದ್ದು ನಾಲ್ಕು ಮೀಟರ್ ಮೀರದ ಸಣ್ಣ ಕಾರುಗಳಿಗೆ: ಪೆಟ್ರೋಲ್ ಎಂಜಿನ್ 1,200 ಸಿಸಿ, ಡೀಸೆಲ್ ಎಂಜಿನ್ 1,500 ಸಿಸಿ ಒಳಗಿದ್ದರೆ ಶೇ 18 ಮಾತ್ರ. ಮಾರುತಿ ಡಿಜೈರ್‌ನ ಉದ್ದ 3,995 ಮಿಲಿಮೀಟರ್, ಹಾಗಾಗಿ ಅದು ಈ ಸಾಲಿಗೆ ಸೇರುತ್ತದೆ. ನಾಲ್ಕು ಜನರ ಮನೆಗೆ, ಊರೊಳಗಿನ ಓಡಾಟಕ್ಕೆ ಸೆಡಾನ್ ಬೇಕೆನ್ನುವವರು ಮೊದಲು ಇಂಥದ್ದನ್ನೇ ನೋಡಲಿ. ನಮಗೆ ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರು ಕೂರಬೇಕಿತ್ತು, ಅದಕ್ಕಾಗಿ ಒಂದು ಮೆಟ್ಟಿಲು ಮೇಲಿನದಕ್ಕೆ ಹೋದೆವು.

ಇನ್ನು ಇಂಧನ. ಟಾಮ್‌ಟಾಮ್ ಸಂಸ್ಥೆಯ 2024ರ ಅಂದಾಜಿನಂತೆ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ ಬೇಕು. ಈ ವೇಗದಲ್ಲಿ ಪೆಟ್ರೋಲ್ ಕುಡಿಯುವುದು ಕಾರಿನ ತೂಕ. ಸಿಗ್ನಲ್ ಬಿಟ್ಟಾಗ ಗಾಡಿಯನ್ನು ನಿಂತಲ್ಲಿಂದ ಎಳೆಯಲು ಖರ್ಚಾದ ಶಕ್ತಿಯೆಲ್ಲ ಮುಂದಿನ ಬ್ರೇಕ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ಸುಮಾರು 1,150 ಕೆ.ಜಿ.ಯ ಸಿಟಿಯನ್ನು ಎಳೆಯುವುದಕ್ಕೂ ಎರಡು ಟನ್ ಹತ್ತಿರದ ಗಾಡಿಯನ್ನು ಎಳೆಯುವುದಕ್ಕೂ ಇರುವ ವ್ಯತ್ಯಾಸವನ್ನು ಸಿಲ್ಕ್ ಬೋರ್ಡ್‌ನಿಂದ ಬೆಳ್ಳಂದೂರಿನವರೆಗೆ ಪ್ರತಿ ನಿಲುಗಡೆಯಲ್ಲೂ ತೆರುತ್ತೇವೆ. ತಿಂಗಳಿಗೆ ಸಾವಿರ ಕಿಲೋಮೀಟರ್, ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದು ಹಿಡಿದೆ. ಸಂಚಾರ ದಟ್ಟಣೆಯಲ್ಲಿ ಸೆಡಾನ್‌ಗೆ 12, ದೊಡ್ಡ ಪೆಟ್ರೋಲ್ ಎಸ್‌ಯುವಿಗೆ 8 ಕಿ.ಮೀ. ಮೈಲೇಜ್ ಬಂದರೆ ವರ್ಷದ ಖರ್ಚು 1.03 ಲಕ್ಷ ಮತ್ತು 1.55 ಲಕ್ಷ. ಹೆದ್ದಾರಿಗೆ ಹೋದರೆ ತೂಕದ ಜಾಗಕ್ಕೆ ಗಾಳಿ ಬರುತ್ತದೆ. ವೇಗ 70ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಎರಡು ಪಟ್ಟಾಗುತ್ತದೆ. ಎತ್ತರದ, ಅಗಲದ ಮುಂಭಾಗಕ್ಕೆ ಆ ತಡೆ ಹೆಚ್ಚು.

ಡೀಸೆಲ್ ಕೊಂಡರಾಯಿತಲ್ಲ ಎಂದರು ನಮ್ಮವರು. ಇಂಧನದ ಖರ್ಚು ಸೆಡಾನ್‌ನ ಮಟ್ಟಕ್ಕೇ ಬರುತ್ತದೆ, ಒಪ್ಪಿದೆ. ಆದರೆ ಬಿಎಸ್–6 ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇದೆ. ಗಾಡಿ ಆಗಾಗ ಬಿಡುಬೀಸಾಗಿ ಓಡಿ ಬಿಸಿಯಾದರೆ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ. ದಿನವೂ ತೆವಳುವ ದಾರಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ, ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆ ದೀಪ ಹತ್ತುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ಇದಕ್ಕಾಗಿಯೇ ಭಾನುವಾರ ಬೆಳಿಗ್ಗೆ ನೈಸ್ ರಸ್ತೆಯಲ್ಲಿ ಸುಮ್ಮನೆ ಒಂದು ಸುತ್ತು ಹೋಗಿ ಬರುತ್ತಾರೆ. ಟೋಲ್ ಕಟ್ಟಿ, ಡೀಸೆಲ್ ಸುಟ್ಟು. ಟೈರಿನ ಲೆಕ್ಕವೂ ಹೀಗೇ: 16 ಇಂಚಿನದಕ್ಕಿಂತ 18 ಇಂಚಿನ ಅಗಲ ಟೈರಿಗೆ ಅಂಗಡಿಯವರು ಒಂದೂವರೆ ಪಟ್ಟಿಗೂ ಮಿಕ್ಕಿ ದರ ಹೇಳಿದರು.

ಆದರೂ ಮನೆಯವರ ಮನಸ್ಸು ತಿರುಗಿಸಿದ್ದು ರೂಪಾಯಿಯ ಲೆಕ್ಕವಲ್ಲ, ನಮ್ಮ ಅತ್ತೆಯವರು.

ಅವರಿಗೆ ಎರಡೂ ಮಂಡಿ ನೋವು. ಹಿರಿಯರಿಗೆ ಎತ್ತರದ ಗಾಡಿಯೇ ಅನುಕೂಲ ಎಂದು ಎಲ್ಲರೂ ಹೇಳುತ್ತಾರೆ, ನಾವೂ ನಂಬಿದ್ದೆವು. ಅವರನ್ನೇ ಶೋರೂಮಿಗೆ ಕರೆದುಕೊಂಡು ಹೋದೆವು. ದೊಡ್ಡ ಎಸ್‌ಯುವಿಯ ಫುಟ್‌ಬೋರ್ಡ್ ಮೇಲೆ ಕಾಲಿಡಲು ಅವರು ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಇನ್ನೊಂದರಲ್ಲಿ ಬಾಗಿಲ ಹಿಡಿಕೆ ಹಿಡಿದು, ಮಗನ ಭುಜಕ್ಕೆ ಭಾರ ಹಾಕಬೇಕಾಯಿತು. ಇಳಿಯುವುದು ಇನ್ನೂ ಕಷ್ಟ. 'ನಿತ್ಯ ಇದು ನನ್ನಿಂದಾಗಲ್ಲಪ್ಪ' ಎಂದರು. ಸೆಡಾನ್‌ನಲ್ಲಿ ಕೂರುವುದು ಸುಲಭವಾಯಿತು, ಏಳುವುದು ಕಷ್ಟವಾಯಿತು, ಸೀಟು ತೀರಾ ತಗ್ಗು. ಅದಕ್ಕೆ ಪರಿಹಾರ ಸಿಕ್ಕಿತು: ಗಟ್ಟಿ ದಿಂಬೊಂದನ್ನು ಸೀಟಿನ ಮೇಲಿಟ್ಟು, ಇಳಿಯುವಾಗ ಎರಡೂ ಕಾಲನ್ನು ಮೊದಲು ಹೊರಕ್ಕೆ ತಿರುಗಿಸಿ ಆಮೇಲೆ ಏಳುವುದು. ಹತ್ತಲೂ ಬೇಡ, ಇಳಿಯಲೂ ಬೇಡ, ಕುರ್ಚಿಯ ಎತ್ತರದಲ್ಲಿ ಸೀಟಿರುವ ಕಾರು ಮಂಡಿ ನೋವಿನವರಿಗೆ ಎಲ್ಲಕ್ಕಿಂತ ಹಿತ, ಅಂಥವು ಚಿಕ್ಕ ಎಸ್‌ಯುವಿಗಳಲ್ಲಿ ಸಿಗುತ್ತವೆ. ಮೂರನೇ ಸಾಲಿನ ಸೀಟಿನ ಮಾತು ಕೇಳುವುದೇ ಬೇಡ. ಅಲ್ಲಿಗೆ ನುಗ್ಗಬಲ್ಲವರು ಮಕ್ಕಳು ಮಾತ್ರ. ಆ ಸೀಟು ಎತ್ತಿ ನಿಲ್ಲಿಸಿದರೆ ಹಲವು ಗಾಡಿಗಳ ಡಿಕ್ಕಿಯಲ್ಲಿ ಒಂದೆರಡು ಸಣ್ಣ ಬ್ಯಾಗ್‌ಗಷ್ಟೇ ಜಾಗ. ಏಳು ಜನರೂ ಏಳು ಜನರ ಸಾಮಾನೂ ಒಟ್ಟಿಗೆ ಹಿಡಿಸುವುದಿಲ್ಲ. ಸಿಟಿಯ ಡಿಕ್ಕಿ 506 ಲೀಟರ್, ಇನ್ನೊಂದು ಸೆಡಾನ್ ವರ್ನಾದ್ದು 528. ಹಬ್ಬಕ್ಕೆ ಊರಿಗೆ ಹೋಗಿ ತೆಂಗಿನಕಾಯಿ, ಅಕ್ಕಿ ಮೂಟೆ ತರುವ ನಮ್ಮಂಥವರಿಗೆ ಇದು ದೊಡ್ಡ ವಿಷಯ.

ಮನೆಗೆ ಬಂದು ಬೇಸ್‌ಮೆಂಟ್‌ನಲ್ಲಿ ಟೇಪ್ ಹಿಡಿದೆವು. ನಮ್ಮ ಪಾರ್ಕಿಂಗ್ ಜಾಗದ ಅಗಲ ಎರಡೂವರೆ ಮೀಟರ್. ಎಸ್‌ಯುವಿಗಳಲ್ಲಿ ಸ್ಕಾರ್ಪಿಯೊ–ಎನ್‌ನ ಅಗಲ 1,917 ಮಿಲಿಮೀಟರ್, ಸಿಟಿಯದ್ದು 1,748. ಮೊದಲನೆಯದನ್ನು ನಡುವೆ ನಿಲ್ಲಿಸಿದರೆ ಎರಡೂ ಬದಿಗೆ ಉಳಿಯುವುದು ತಲಾ 29 ಸೆಂಟಿಮೀಟರ್. ಒಂದು ಬದಿಗೆ ಕಂಬ ಬೇರೆ ಇದೆ. ಬಾಗಿಲು ತೆರೆದು ಇಳಿಯುವುದು ಹೇಗೆ?

ಗುಂಡಿ, ಹಂಪ್‌ಗಳ ವಾದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮದಂತೆ ಹಂಪ್‌ನ ಎತ್ತರ 10 ಸೆಂಟಿಮೀಟರ್ ಇರಬೇಕು, ಅಗಲ 3.7 ಮೀಟರ್. ಹಾಗೆ ಕಟ್ಟಿದ್ದರೆ 165 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್‌ನ ಸೆಡಾನ್‌ಗೆ ತೊಂದರೆಯೇ ಇರಲಿಲ್ಲ. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಏಳುವ ಹಂಪ್‌ಗಳು ಆ ನಿಯಮ ಕಂಡಿಲ್ಲ. ಐದು ಜನ ತುಂಬಿ ಡಿಕ್ಕಿಯೂ ತುಂಬಿದ್ದರೆ ಸೆಡಾನ್‌ನ ಹೊಟ್ಟೆ ಅವಕ್ಕೆ ತಗಲುತ್ತದೆ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟುತ್ತೇನೆ. ಮಳೆಗಾಲದಲ್ಲಿ ನೀರು ನಿಂತ ಅಂಡರ್‌ಪಾಸ್‌ಗೆ ಇಳಿಯುವುದಿಲ್ಲ. ಅಲ್ಲಿಗೆ ದೊಡ್ಡ ಗಾಡಿಯವರೂ ಇಳಿಯಬಾರದು.

ಸುರಕ್ಷತೆಯ ಮಾತಿಗೆ ಬಂದರೆ ನನಗೆ ಹೆಚ್ಚು ಕಳವಳ. ಎತ್ತರ ಕೂತಾಗ ಬರುವ ಧೈರ್ಯವೇ ಬೇರೆ, ಅಪಘಾತದಲ್ಲಿ ಜೀವ ಉಳಿಸುವ ರಚನೆಯೇ ಬೇರೆ. ಗ್ಲೋಬಲ್ ಎನ್‌ಕ್ಯಾಪ್‌ನ ಪರೀಕ್ಷೆಯಲ್ಲಿ ವರ್ಟಸ್, ಸ್ಲಾವಿಯಾ, ವರ್ನಾ 2023ರಲ್ಲಿ, ಹೊಸ ಡಿಜೈರ್ 2024ರಲ್ಲಿ ದೊಡ್ಡವರ ರಕ್ಷಣೆಗೆ ಐದು ಸ್ಟಾರ್ ಪಡೆದವು. ಎಲ್ಲವೂ ಸೆಡಾನ್‌ಗಳೇ. ಎರಡು ಕಾರು ಗುದ್ದಿದಾಗ ಭಾರದ್ದರೊಳಗಿನವರಿಗೆ ಪೆಟ್ಟು ಕಡಿಮೆ ಎಂಬುದು ನಿಜ. ಆದರೆ ನಮ್ಮ ರಸ್ತೆಯಲ್ಲಿ ಕಾರಿನವರಷ್ಟೇ ಇಲ್ಲ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು. ಎತ್ತರದ ಬಾನೆಟ್ ನಡೆದು ಹೋಗುವವರ ಕಾಲಿಗಲ್ಲ, ಎದೆಗೆ, ಮಕ್ಕಳಾದರೆ ತಲೆಗೆ ಬಡಿಯುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 40 ಇಂಚಿಗಿಂತ ಎತ್ತರದ ಬಾನೆಟ್‌ನ ವಾಹನ ಪಾದಚಾರಿಗೆ ಗುದ್ದಿದರೆ ಸಾವಿನ ಸಾಧ್ಯತೆ ತಗ್ಗಿನ ಇಳಿಜಾರು ಬಾನೆಟ್‌ಗಿಂತ ಸುಮಾರು ಶೇ 45ರಷ್ಟು ಹೆಚ್ಚೆಂದು ಕಂಡುಬಂತು. ನಮ್ಮ ರಸ್ತೆಯ ಕೊನೆಯಲ್ಲಿ ಒಂದು ಶಾಲೆಯಿದೆ. ಆ ಮಕ್ಕಳ ನಡುವೆ ದಿನಾ ಎರಡು ಬಾರಿ ಹಾಯುವಾಗ ಬಾನೆಟ್‌ನ ಆಚೆ ಏನಿದೆ ಎಂದು ನನಗೆ ಕಾಣಲೇಬೇಕು.

ಹಾಗೆಂದು ದೊಡ್ಡ ಗಾಡಿ ಯಾರಿಗೂ ಬೇಡ ಎನ್ನುತ್ತಿಲ್ಲ. ನನ್ನ ತಮ್ಮ ಸಕಲೇಶಪುರದ ಕಡೆ ಕಾಫಿ ತೋಟ ನೋಡಿಕೊಳ್ಳುತ್ತಾನೆ. ಮಳೆಗಾಲದಲ್ಲಿ ಅವನ ಮನೆಯ ಏರು ಕೆಸರಾಗುತ್ತದೆ, ಆಳುಗಳನ್ನು ಕರೆತರಬೇಕು, ಗೊಬ್ಬರದ ಚೀಲ ಹೊರಬೇಕು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಡೀಸೆಲ್ ಗಾಡಿ ಅವನಿಗೆ ದುಡಿಮೆಯ ಸಲಕರಣೆ. ಅವನ ದಿನದ ದಾರಿಯೇ ಅದು. ನಮ್ಮ ಮನೆಯಲ್ಲಿ ದೊಡ್ಡ ಗಾಡಿ ಬೇಕಾಗುವುದು ಧರ್ಮಸ್ಥಳಕ್ಕೋ ಮದುವೆಗೋ ಎಲ್ಲರೂ ಹೊರಟಾಗ, ವರ್ಷಕ್ಕೆ ಮೂರು ನಾಲ್ಕು ಸಲ. ಆಗ ಚಾಲಕರ ಸಮೇತ ಇನ್ನೋವಾ ಗೊತ್ತು ಮಾಡುತ್ತೇವೆ. ಕಿಲೋಮೀಟರಿಗೆ 20 ರೂಪಾಯಿ, ದಿನಕ್ಕೆ ಕನಿಷ್ಠ 300 ಕಿ.ಮೀ. ಲೆಕ್ಕ, ಡ್ರೈವರ್ ಬಾಟಾ, ಟೋಲ್ ಎಲ್ಲ ಸೇರಿ ಮೂರು ದಿನಕ್ಕೆ 20 ಸಾವಿರದ ಚಿಲ್ಲರೆ. ಅಂಥ ನಾಲ್ಕು ಪ್ರವಾಸಕ್ಕೆ 80–85 ಸಾವಿರವಾಯಿತು. ಆ ಹೆಚ್ಚುವರಿ ಸಾಲದ ಒಂದು ವರ್ಷದ ಕಂತೇ 2.4 ಲಕ್ಷ ದಾಟುತ್ತಿತ್ತು. ಶಿರಾಡಿ ಘಾಟಿಯಲ್ಲಿ ನಮ್ಮವರೂ ಹಿಂದೆ ಕೂತು ನಿದ್ದೆ ಮಾಡುತ್ತಾರೆ.

ಸೆಡಾನ್ ಪರ ಮಾತಾಡುವವರು ಮುಚ್ಚಿಡಬಾರದ ಒಂದು ವಿಷಯವಿದೆ: ಮಾರುವಾಗ ಬೆಲೆ ಬರುವುದಿಲ್ಲ. ಮಾರುಕಟ್ಟೆ ಎಸ್‌ಯುವಿ ಕಡೆ ವಾಲಿರುವುದರಿಂದ ಫಾರ್ಚೂನರ್, ಇನ್ನೋವಾದಂಥವು ವರ್ಷಗಟ್ಟಲೆ ಬೆಲೆ ಉಳಿಸಿಕೊಳ್ಳುತ್ತವೆ, ಸೆಡಾನ್‌ಗಳು ಬೇಗ ಇಳಿಯುತ್ತವೆ. ಮಾರುತಿ ಸಿಯಾಜ್‌ನ ತಯಾರಿಕೆಯೇ 2025ರಲ್ಲಿ ನಿಂತಿತು. ನಾಲ್ಕು ವರ್ಷಕ್ಕೊಮ್ಮೆ ಕಾರು ಬದಲಿಸುವವರಿಗೆ ನನ್ನ ಲೆಕ್ಕ ಅಷ್ಟು ಸರಿಹೊಂದದು. ಕೊಂಡದ್ದನ್ನು ಹತ್ತು ಹನ್ನೆರಡು ವರ್ಷ ಓಡಿಸುವವರಿಗೆ ಮಾತ್ರ ಇದು ಹೊಂದುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗಂತೂ ಇದೇ ಒಳ್ಳೆಯ ಕಾಲ. ಹಿಂದಿನ ಮಾಲೀಕರು ಬೆಲೆ ಇಳಿತದ ದೊಡ್ಡ ಪಾಲನ್ನು ಹೊತ್ತಾಗಿರುತ್ತದೆ, ಲೈಫ್ ಟ್ಯಾಕ್ಸ್ ಕೂಡ ಅವರೇ ಕಟ್ಟಿರುತ್ತಾರೆ. ತಮ್ಮನ ಮಗಳು ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅವಳಿಗೆ ಈಗ ಹುಡುಕುತ್ತಿರುವುದು ನಾಲ್ಕೈದು ವರ್ಷ ಓಡಿದ, ಒಬ್ಬರೇ ಮಾಲೀಕರ ಕೈಯಲ್ಲಿದ್ದ ಪೆಟ್ರೋಲ್ ಸೆಡಾನ್. ಕರ್ನಾಟಕದ ನೋಂದಣಿಯೇ ಇರಲಿ, ಇಲ್ಲವಾದರೆ ತೆರಿಗೆ ಮತ್ತೆ ಕಟ್ಟಬೇಕಾಗುತ್ತದೆ ಎಂದಿದ್ದೇನೆ. ಸರ್ವಿಸ್ ದಾಖಲೆ, ವಿಮೆ ಕ್ಲೈಮ್‌ನ ವಿವರ ಎರಡೂ ಕೈಗೆ ಬಂದ ಮೇಲೆಯೇ ಬೆಲೆಯ ಮಾತು, ಅದಕ್ಕೂ ಮೊದಲು ನಮ್ಮ ಮೆಕ್ಯಾನಿಕ್ ಅದನ್ನು ಲಿಫ್ಟ್ ಮೇಲೇರಿಸಿ ತಳ ನೋಡಬೇಕು. ಹಂಪ್‌ಗಳಿಗೆ ಉಜ್ಜಿದ ಗುರುತು ಅಲ್ಲಿ ಸಿಗುತ್ತದೆ.