ಬಾಲಕ್ಕೆ ಹಚ್ಚಿದ ಅಂಟು ಮೂತಿಯಲ್ಲಿ ಸೀಸ ಕೇಳುತ್ತದೆ

ಮುರಿದು ಬಿದ್ದಿದ್ದ ಟೈಗರ್ ಮಾತ್ ವಿಮಾನದ ಮಾದರಿಯನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದೀಯ, ಸಂತೋಷ ಮರಿ. ಹೊದಿಕೆ ಬಿಗಿಯಾಗಿದೆ, ರೆಕ್ಕೆಗಳ ನಡುವಿನ ತಂತಿಗಳು ನೆಟ್ಟಗಿವೆ, ಬಣ್ಣವೂ ಚೆನ್ನಾಗಿ ಕೂತಿದೆ. ಈ ಭಾನುವಾರವೇ ಮೈದಾನಕ್ಕೆ ಒಯ್ಯಬೇಕು ಅನ್ನುತ್ತಿದ್ದೀಯ. ಒಯ್ಯುವೆಯಂತೆ. ಅದಕ್ಕೆ ಮೊದಲು ಒಂದು ಸಂಜೆ ತಕ್ಕಡಿ, ಅಳತೆಪಟ್ಟಿ, ನೂಲಿನುಂಡೆ ಇಟ್ಟುಕೊಂಡು ಕೂತುಕೋ. ತೂಕ, ಸಮತೋಲ, ಪ್ರೊಪೆಲ್ಲರ್ ಈ ಮೂರನ್ನೂ ಇದೇ ಕ್ರಮದಲ್ಲಿ ನೋಡು. ಒಂದು ತಪ್ಪಿದರೆ ಅದರ ಸಾಲ ಮುಂದಿನದರ ತಲೆಗೆ ಬೀಳುತ್ತದೆ.

ರಿಪೇರಿಯಾದ ವಿಮಾನ ಹಳೆಯ ತೂಕಕ್ಕೇ ಮರಳುವುದು ಅಪರೂಪ. ಮುರಿದಲ್ಲಿ ಪ್ಲೈವುಡ್ ಪಟ್ಟಿ, ಅದರ ಮೇಲೆ ಎಪಾಕ್ಸಿ, ಮೇಲಿಂದ ಇನ್ನೊಂದು ಕೋಟು ಬಣ್ಣ. ಬಿಡಿಬಿಡಿಯಾಗಿ ಎಲ್ಲವೂ ಕೆಲವೇ ಗ್ರಾಂ, ಕೂಡಿದಾಗ ಗೊತ್ತಾಗುತ್ತದೆ. ಎಂಜಿನ್ ಕೂರುವ ಜಾಗದ ಬಾಲ್ಸಾ ಮರ ವರ್ಷಗಟ್ಟಲೆ ಇಂಧನದ ಎಣ್ಣೆ ಕುಡಿದಿದ್ದರೆ ಅದೂ ಭಾರವೇ, ಮೇಲಾಗಿ ಅಲ್ಲಿ ಅಂಟು ಹಿಡಿಯುವುದಿಲ್ಲ. ಅಂಥ ಮರವನ್ನು ಉಳಿಸಿಕೊಳ್ಳುವ ಜಿಪುಣತನ ಬೇಡ. ಕತ್ತರಿಸಿ ತೆಗೆದು ಹೊಸದನ್ನು ಕೂರಿಸು.

ಭಾರ ಎಷ್ಟು ಅನ್ನುವುದಕ್ಕಿಂತ ಎಲ್ಲಿ ಕೂತಿದೆ ಅನ್ನುವುದು ದೊಡ್ಡದು. ಸಮತೋಲದ ಬಿಂದುವಿನಿಂದ ಬಾಲ 75 ಸೆಂ.ಮೀ. ಹಿಂದಿದ್ದು, ಎಂಜಿನ್ ಕೂರುವ ಗೋಡೆ 25 ಸೆಂ.ಮೀ. ಮುಂದಿದ್ದರೆ, ಬಾಲದ ಒಂದು ಗ್ರಾಂಗೆ ಮೂತಿಯಲ್ಲಿ ಮೂರು ಗ್ರಾಂ ಕೊಡಬೇಕು. ಬಾಲಕ್ಕೆ 30 ಗ್ರಾಂ ಅಂಟು, ಬಣ್ಣ ಏರಿಸಿದ್ದೀಯ ಅಂದುಕೋ. ಮೂತಿಗೆ 90 ಗ್ರಾಂ ಸೀಸ. ಒಟ್ಟು 120 ಗ್ರಾಂ ಹೊರೆ. ಅದಕ್ಕೇ ಹೇಳುವುದು, ಉಜ್ಜುಕಾಗದ ಹಿಡಿದರೆ ಬಾಲದಿಂದ ಶುರುಮಾಡು. ಇಡೀ ವಿಮಾನದ ತೂಕ ನೂರಕ್ಕೆ ಹತ್ತರಷ್ಟು ಏರಿದರೆ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ವೇಗ ನೂರಕ್ಕೆ ಐದರಷ್ಟು ಏರುತ್ತದೆ. ಇಳಿಸುವಾಗ ಆ ಐದು ನಿನ್ನ ಕೈಗೆ ಗೊತ್ತಾಗುತ್ತದೆ.

ಈಗ ಸಮತೋಲ. ಒಂದೇ ರೆಕ್ಕೆಯ ವಿಮಾನದಲ್ಲಿ ಮುಂದಂಚಿನಿಂದ ಅಗಲದ ಕಾಲು ಭಾಗದ ಹತ್ತಿರ ಬೆರಳಿಟ್ಟು ಎತ್ತಿದರೆ ಆಯಿತು. ಒಂದರ ಮೇಲೊಂದು ಎರಡು ರೆಕ್ಕೆ ಇರುವ ಟೈಗರ್ ಮಾತ್‌ನಲ್ಲಿ ಅದು ನಡೆಯದು, ಅದಕ್ಕೆ ಕಾರಣ ಅಸಲಿ ವಿಮಾನದಲ್ಲೇ ಇದೆ. 1931ರಲ್ಲಿ ಡಿ ಹ್ಯಾವಿಲೆಂಡ್ ಕಂಪನಿಯವರು ತಮ್ಮ ಹಳೆಯ ಮಾತ್ ವಿಮಾನವನ್ನು ವಾಯುಪಡೆಯ ತರಬೇತಿಗೆಂದು ಟೈಗರ್ ಮಾತ್ ಆಗಿ ತಿದ್ದುವಾಗ, ಮುಂದಿನ ಸೀಟಿನವನು ಪ್ಯಾರಾಚೂಟ್ ಕಟ್ಟಿಕೊಂಡು ಹೊರಬೀಳಲು ತಲೆಯ ಮೇಲಿನ ರೆಕ್ಕೆ, ಅದರ ಕಂಬಗಳು ಅಡ್ಡ ಬರುತ್ತಿದ್ದವು. ಆ ರೆಕ್ಕೆಯನ್ನು ಮುಂದಕ್ಕೆ ಸರಿಸಿದರು. ಅದರೊಂದಿಗೆ ಎತ್ತುವ ಬಲವೂ ಮುಂದೆ ಹೋಯಿತು. ಅದನ್ನು ಸರಿದೂಗಿಸಲು ರೆಕ್ಕೆಯ ತುದಿಗಳನ್ನು ಹಿಂದಕ್ಕೆ ಓರೆ ಮಾಡಿದರು. ನಿನ್ನ ಮಾದರಿಯಲ್ಲೂ ಆ ಸರಿಕೆ, ಆ ಓರೆ ಎರಡೂ ಇವೆ.

ಆದ್ದರಿಂದ ವಿಮಾನದ ಒಡಲ ಬಳಿ ಅಳೆಯಬೇಡ. ಒಂದು ಬದಿಯ ರೆಕ್ಕೆಯ ಉದ್ದದಲ್ಲಿ ನಡುಮಧ್ಯಕ್ಕೆ ಹೋಗಿ ಅಲ್ಲಿ ಅಳೆ. ಅಲ್ಲಿ ಎರಡೂ ರೆಕ್ಕೆಗಳ ಅಗಲ 22 ಸೆಂ.ಮೀ., ಮೇಲಿನದು ಕೆಳಗಿನದಕ್ಕಿಂತ 6 ಸೆಂ.ಮೀ. ಮುಂದೆ ಅಂತಿಟ್ಟುಕೋ. ಮೇಲಿನ ರೆಕ್ಕೆಯ ಕಾಲು ಭಾಗ ಅದರ ಮುಂದಂಚಿನಿಂದ 5.5 ಸೆಂ.ಮೀ.; ಕೆಳಗಿನದರ ಕಾಲು ಭಾಗ ಅದೇ ಅಂಚಿನಿಂದ 11.5 ಸೆಂ.ಮೀ. ಎರಡರ ಸರಾಸರಿ 8.5. ಮೊದಲ ಹಾರಾಟಕ್ಕೆ ನಿನ್ನ ಸಮತೋಲದ ಗುರುತು ಅಲ್ಲಿ, ಇಲ್ಲವೇ ಕೂದಲೆಳೆಯಷ್ಟು ಮುಂದೆ. ಕೆಳಗಿನ ರೆಕ್ಕೆಯೊಂದನ್ನೇ ನಂಬಿದರೆ 3 ಸೆಂ.ಮೀ. ಹಿಂದಕ್ಕೆ ಬೀಳುತ್ತೀಯ, ಅಲ್ಲಿಗೆ ಕಥೆ ಮುಗಿಯಿತು. ಮೂತಿ ಭಾರದ ವಿಮಾನ ಕೆಟ್ಟದಾಗಿ ಹಾರುತ್ತದೆ, ಬಾಲ ಭಾರದ್ದು ಒಂದೇ ಸಲ ಹಾರುತ್ತದೆ ಅಂತ ಈ ಹವ್ಯಾಸದಲ್ಲಿ ಹಳೆಯ ಮಾತೇ ಇದೆ. ಎರಡು ರೆಕ್ಕೆಗಳ ವಿಸ್ತೀರ್ಣ ಬೇರೆಬೇರೆ ಇದ್ದರೆ ದೊಡ್ಡ ರೆಕ್ಕೆಯ ಕಡೆಗೆ ಗುರುತು ಸ್ವಲ್ಪ ಸರಿಯುತ್ತದೆ.

ಇಂಥ ಎರಡು ರೆಕ್ಕೆಯ ಬೈಪ್ಲೇನನ್ನು ಬೆರಳ ಮೇಲೆ ನಿಲ್ಲಿಸುವುದು ಕಷ್ಟ, ನೂಲು ಕಟ್ಟಿ ತೂಗುಹಾಕು. ಮೇಲಿನ ರೆಕ್ಕೆಯನ್ನು ಹೊತ್ತ ನಡುಗಂಬಗಳಿಗೆ ನೂಲು ಕಟ್ಟಿ, ಒಡಲು ಸಮವಾಗುವ ತನಕ ಗಂಟು ಸರಿಸು. ಆಮೇಲೆ ಗಾರೆಯವರ ತೂಕದ ಗುಂಡನ್ನು ಅದೇ ಗಂಟಿನಿಂದ ಇಳಿಬಿಟ್ಟು, ನೂಲು ನಿನ್ನ ಗುರುತಿನ ಮೇಲೆ ಹಾಯುತ್ತದೆಯೇ ನೋಡು. ಟ್ಯಾಂಕ್ ಖಾಲಿ ಇರಲಿ. ಮುಂದಿರುವ ಇಂಧನ ಖರ್ಚಾದಂತೆ ಭಾರ ಹಿಂದಕ್ಕೆ ಜಾರುತ್ತದೆ, ನೀನು ಇಳಿಸುವುದು ಆ ಸ್ಥಿತಿಯಲ್ಲೇ. ಮೂತಿ ಹಗುರವಾಗಿದ್ದರೆ, ಸೀಸಕ್ಕೆ ಕೈಹಾಕುವ ಮುಂಚೆ ರಿಸೀವರ್ ಬ್ಯಾಟರಿಯನ್ನು ಟ್ಯಾಂಕಿನ ಕೆಳಗೆ ತಳ್ಳು, ಸರ್ವೋಗಳನ್ನು ಮುಂದೆ ತಾ. ಕೊನೆಗೆ ಪ್ರೊಪೆಲ್ಲರಿನ ಶಾಫ್ಟ್ ಮತ್ತು ಬಾಲ ಹಿಡಿದೆತ್ತಿ, ಯಾವ ರೆಕ್ಕೆ ವಾಲುತ್ತದೆ ನೋಡು. ಮಫ್ಲರ್ ಇರುವ ಬದಿ ವಾಲಿದರೆ ಎದುರು ತುದಿಗೆ ಚಿಕ್ಕ ತೂಕ ಸಾಕು.

ಇಷ್ಟಾದ ಮೇಲೆ ಪ್ರೊಪೆಲ್ಲರ್. ಅದನ್ನು ಎಂಜಿನ್ ನೋಡಿ ಮಾತ್ರ ಆರಿಸಬೇಡ, ವಿಮಾನ ಯಾವ ವೇಗದಲ್ಲಿ ಹಾರುತ್ತದೆ ಅಂತ ನೋಡಿ ಆರಿಸು. 10 ಸಿಸಿಯ ಟೂ-ಸ್ಟ್ರೋಕ್ ಎಂಜಿನ್‌ಗೆ ಸಾಮಾನ್ಯವಾಗಿ 11×7 ಹಾಕುತ್ತಾರೆ: ವ್ಯಾಸ 11 ಇಂಚು, ಪಿಚ್ (ಒಂದು ಸುತ್ತಿಗೆ ಮುಂದೆ ಸಾಗುವ ದೂರ) 7 ಇಂಚು. ನಿಮಿಷಕ್ಕೆ 10,000 ಸುತ್ತಿನಲ್ಲಿ ಆ ಪಿಚ್ ಗಂಟೆಗೆ ಸುಮಾರು 107 ಕಿ.ಮೀ. ವೇಗದ ಲೆಕ್ಕ. ಎರಡು ರೆಕ್ಕೆ, ಕಂಬ, ತಂತಿ ಎಲ್ಲದರಿಂದ ಗಾಳಿಯನ್ನು ತಡೆಯುವ ಈ ವಿಮಾನಕ್ಕೆ ಆ ವೇಗ ಬೇಡವೇ ಬೇಡ. ಅದಕ್ಕೆ ಬೇಕಾದದ್ದು ನಿಧಾನದಲ್ಲಿ ಎಳೆಯುವ ಶಕ್ತಿ. ಎಂಜಿನ್ ಮೇಲಿನ ಹೊರೆ ವ್ಯಾಸದ ನಾಲ್ಕನೇ ಘಾತ ಮತ್ತು ಪಿಚ್‌ಗೆ ತಕ್ಕಂತೆ ಏರುತ್ತದೆ. ಆ ಲೆಕ್ಕದಲ್ಲಿ 12×5ರ ಹೊರೆ 11×7ಕ್ಕೆ ಹೆಚ್ಚುಕಡಿಮೆ ಸಮ, ವೇಗ ಮಾತ್ರ 76 ಕಿ.ಮೀ.ಗೆ ಇಳಿಯುತ್ತದೆ, ಗಾಳಿಯನ್ನು ಹಿಡಿಯುವ ವೃತ್ತ ನೂರಕ್ಕೆ 19ರಷ್ಟು ಹಿಗ್ಗುತ್ತದೆ. 12×6 ಹಾಕಿದರೆ ಹೊರೆ ನೂರಕ್ಕೆ 21 ಹೆಚ್ಚು. ಎಂಜಿನ್ ತಯಾರಕರ ಪಟ್ಟಿಯಲ್ಲಿ ಅದಿದ್ದರೆ ಮಾತ್ರ ಹಾಕು. ಎಂಜಿನ್ ಬದಲು ವಿದ್ಯುತ್ ಮೋಟರ್ ಹಾಕಿದ್ದರೆ ಇದೇ ಹೊರೆ ಕರೆಂಟಾಗಿ ಏರಿ ಸ್ಪೀಡ್ ಕಂಟ್ರೋಲರ್ ಸುಡುತ್ತದೆ, ವಾಟ್‌ಮೀಟರ್ ಇಟ್ಟು ನೋಡದೆ ಹಾರಿಸಬೇಡ.

ವ್ಯಾಸ ಹೆಚ್ಚಿಸಿದಾಗ ಬಾಲ ಎತ್ತಿ ವಿಮಾನವನ್ನು ಸಮ ಮಾಡಿ ಹಿಡಿ. ಪ್ರೊಪೆಲ್ಲರ್ ತುದಿಗೂ ನೆಲಕ್ಕೂ ಎರಡು ಬೆರಳು ಜಾಗವಾದರೂ ಇರಲಿ. ಅಂಚು ಚೂರು ಮುಕ್ಕಾದ ಪ್ರೊಪೆಲ್ಲರನ್ನು ಅಂಟಿಸಿ ಬಳಸಬೇಡ, ಎಸೆದುಬಿಡು. ಎಂಜಿನ್ ಓಡುವಾಗ ಅದರ ಸುತ್ತಿನ ಸಾಲಿನಲ್ಲಿ ನೀನೂ ನಿಲ್ಲಬೇಡ, ನೋಡಲು ಬಂದವರನ್ನೂ ನಿಲ್ಲಿಸಬೇಡ.

ಮೇಲೇರಲು ನೆಲದ ಮೇಲೆ ಓಡಿಸುವಾಗ ದೊಡ್ಡ ಪ್ರೊಪೆಲ್ಲರ್ ವಿಮಾನವನ್ನು ಎಡಕ್ಕೆ ಎಳೆಯುತ್ತದೆ. ಥ್ರಾಟಲ್ ಮೆಲ್ಲಗೆ ಕೊಡು, ಬಲ ರಡ್ಡರ್ ಸಿದ್ಧವಿರಲಿ. ಇಳಿಸುವಾಗ ಅದೇ ಪ್ರೊಪೆಲ್ಲರ್ ಬ್ರೇಕ್ ಹಿಡಿದಂತೆ ತಡೆಯುತ್ತದೆ, ಆದ್ದರಿಂದ ಚಕ್ರ ನೆಲ ಮುಟ್ಟುವ ತನಕ ಸ್ವಲ್ಪ ಥ್ರಾಟಲ್ ಇಟ್ಟಿರು. ಎಲಿವೇಟರ್ ತೀರಾ ಚುರುಕಾದರೆ ಮೂತಿಗೆ ತೂಕ ಸೇರಿಸು. ಎಷ್ಟೆಳೆದರೂ ಮೂತಿ ಏಳದಿದ್ದರೆ ತೆಗೆ. ತೂಕ, ಗುರುತು, ಪ್ರೊಪೆಲ್ಲರ್ ಅಳತೆ ಮೂರನ್ನೂ ಪುಸ್ತಕದಲ್ಲಿ ಬರೆದಿಡು. ಒಂದು ಹಾರಾಟಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ, ಗುಣ ಯಾವುದರಿಂದ ಬಂತು ಅಂತ ನಿನಗೆ ಗೊತ್ತಾಗುವುದೇ ಇಲ್ಲ.