ಹಿಂದಿನ ಕಾಲು ನೋಡು

ನೋಡವ್ವಾ, ಔರಾದ್ ತಾಲ್ಲೂಕು ಕ್ರೀಡಾಕೂಟಕ್ಕೆ ಕಬಡ್ಡಿ ಅಂಪೈರ್ ಆಗಿ ನಿನ್ನನ್ನು ಕರೆದಿದ್ದಾರೆ ಅಂತ ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಆಗ ನಿನ್ನ ದನಿಯಲ್ಲಿ ಖುಷಿಗಿಂತ ಅಂಜಿಕೆಯೇ ಹೆಚ್ಚಿತ್ತು. ಇರಲಿ ಬಿಡು, ಸ್ವಲ್ಪ ಅಂಜಿಕೆ ಇದ್ದವರೇ ಕಣ್ಣು ತೆರೆದು ಆಟ ನೋಡುತ್ತಾರೆ. ನಿಯಮದ ಪುಸ್ತಕ ಈಗ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಹೇಳುವುದು ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿ ಸೀಟಿ ಊದಿ ಕಲಿತದ್ದು ಅಷ್ಟೆ.

ಮೊದಲು ನೆಲದ ಮಾತು. ಬೀದರ್ ಶಹರದ್ದು ಕೆಂಪು ಜಂಬಿಟ್ಟಿಗೆ ನೆಲ, ಒಮ್ಮೆ ಗೆರೆ ಎಳೆದರೆ ಸಂಜೆವರೆಗೂ ಕಾಣುತ್ತದೆ. ನಿನ್ನ ಭಾಲ್ಕಿ, ಔರಾದ್ ಕಡೆ ಹಾಗಲ್ಲ. ಎರೆಮಣ್ಣು. ನಾಲ್ಕು ಹನಿ ಬಿದ್ದರೆ ಕಾಲಿಗೆ ಅಂಟಿಕೊಂಡು ಗೆರೆಯನ್ನೇ ಎತ್ತಿಕೊಂಡು ಹೋಗುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಶಾಲಾ ಕ್ರೀಡಾಕೂಟಗಳು ಬರುವುದೂ ಮಳೆಗಾಲದಲ್ಲೇ. ಅದಕ್ಕೆ ಒಂದು ತಾಸು ಮೊದಲೇ ಹೋಗಿ ಅಂಕಣವನ್ನು ನೀನೇ ಅಳೆ. ಗಂಡುಮಕ್ಕಳದು 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಣ್ಣುಮಕ್ಕಳದು 12 ಮತ್ತು 8. ನಾಲ್ಕು ಬದಿ ಸರಿ ಬಂದರೆ ಸಾಲದು, ಮೂಲೆಯಿಂದ ಮೂಲೆಗೂ ಟೇಪು ಹಿಡಿ. ದೊಡ್ಡ ಅಂಕಣಕ್ಕೆ 16 ಮೀಟರ್ 40 ಸೆಂಟಿಮೀಟರ್ ಬರಬೇಕು, ಚಿಕ್ಕದಕ್ಕೆ 14 ಮೀಟರ್ 42. ಎರಡೂ ಕರ್ಣ ಸಮ ಬರದಿದ್ದರೆ ಅಂಕಣ ಸೊಟ್ಟ ಇದೆ ಅಂತ ತಿಳಿ. ಗೆರೆಗೆ ಸುಟ್ಟ ಸುಣ್ಣ ಹಾಕಲು ಬಿಡಬೇಡ, ಬಿದ್ದ ಹುಡುಗನ ಕಣ್ಣಿಗೆ ಹೋದರೆ ಕಷ್ಟ. ರಂಗೋಲಿ ಪುಡಿ ಸಾಕು. ಅಳತೆಯಿಂದ ಇನ್ನೊಂದು ಲಾಭವೂ ಇದೆ: ಅಂಪೈರ್ ಮೇಡಂ ಮಣ್ಣಲ್ಲಿ ಕೂತು ಟೇಪು ಹಿಡಿದದ್ದನ್ನು ಕಂಡ ಕ್ಯಾಪ್ಟನ್, ಆಮೇಲೆ ಗೆರೆಯ ವಿಷಯಕ್ಕೆ ಜಗಳಕ್ಕೆ ಬರುವುದು ಕಡಿಮೆ.

ಇನ್ನು ಕಣ್ಣು. ಹೊಸ ಅಂಪೈರ್‌ಗಳೆಲ್ಲ ರೈಡರ್‌ನ ಮುಂದಿನ ಕಾಲು ನೋಡುತ್ತಾರೆ. ಜನ ನೋಡುವುದೂ ಅದನ್ನೇ. ಎದುರು ಕನಿಷ್ಠ ಆರು ಜನ ಇದ್ದಾಗ ಮುಂದಿನ ಕಾಲು ಬೋನಸ್ ಗೆರೆ ದಾಟಿತು, ಸರಿ. ಆ ಹೊತ್ತಿಗೆ ಹಿಂದಿನ ಕಾಲು ಎಲ್ಲಿತ್ತು? ಗಾಳಿಯಲ್ಲಿದ್ದರೆ ಬೋನಸ್, ಗೆರೆಯ ಈಚೆ ನೆಲಕ್ಕೆ ತಾಗಿದ್ದರೆ ಇಲ್ಲ. ಮುಂದಿನ ಕಾಲನ್ನು ಊರೇ ನೋಡುತ್ತದೆ, ಹಿಂದಿನ ಕಾಲು ನೋಡಲೆಂದೇ ನಿನ್ನನ್ನು ಅಲ್ಲಿ ನಿಲ್ಲಿಸಿರುವುದು. ಅದಕ್ಕೆ ನಿನ್ನ ಕಾಲೂ ಆಡಬೇಕು. ರೈಡರ್ ಒಳಗೆ ಹೋದಂತೆ ಬದಿಯ ಗೆರೆಗುಂಟ ನೀನೂ ಹೋಗು, ಅವನು ಮಧ್ಯಗೆರೆಗೆ ಜಿಗಿಯುವ ಮೊದಲೇ ನೀನು ಅಲ್ಲಿರು. ಕ್ಯಾಂಟ್, ಅಂದರೆ ಅವನ ‘ಕಬಡ್ಡಿ ಕಬಡ್ಡಿ’ ಉಲಿ, ಕಿವಿಗೆ ಬೀಳುವುದಿಲ್ಲ ಅಂತ ಇಟ್ಟುಕೋ. ಜಾತ್ರೆಯಂಥ ಗದ್ದಲದಲ್ಲಿ ಗಂಟಲು ಮತ್ತು ತುಟಿ ನೋಡಿಯೇ ಉಸಿರು ತುಂಡಾದದ್ದನ್ನು ಹಿಡಿಯಬೇಕು.

ನಮ್ಮ ಗಡಿಯಲ್ಲಿ ಇನ್ನೊಂದು ತೊಡಕಿದೆ, ಬೆಂಗಳೂರಿನ ತರಬೇತಿಯಲ್ಲಿ ಇದನ್ನು ಯಾರೂ ಹೇಳಲಿಕ್ಕಿಲ್ಲ. ಒಂದು ತಂಡದ ಹುಡುಗರು ಮನೆಯಲ್ಲಿ ಮರಾಠಿ ಆಡುತ್ತಾರೆ, ಇನ್ನೊಂದು ತಂಡದವರು ಕನ್ನಡ, ಸುತ್ತ ನಿಂತವರಲ್ಲಿ ಅರ್ಧ ಜನ ಉರ್ದು. ನಿನಗೆ ಮೂರೂ ಬರುತ್ತವೆ, ಅದೇ ಅಪಾಯ. ಮರಾಠಿ ಹುಡುಗನಿಗೆ ಪ್ರೀತಿಯಿಂದ ಮರಾಠಿಯಲ್ಲಿ ತಿಳಿಹೇಳಿದೆ ಅಂದುಕೋ, ಆಚೆ ತಂಡಕ್ಕೆ ಮಾತು ತಿಳಿಯದೆ ಸಂಶಯ ಬಂತು. ಅಂಕಣದಲ್ಲಿ ಕೈಸನ್ನೆ ಮಾಡು, ಸೀಟಿ ಊದು, ಬಾಯಿ ಮುಚ್ಚಿಕೋ. ಹೇಳಲೇಬೇಕಾದರೆ ಇಬ್ಬರು ಕ್ಯಾಪ್ಟನ್‌ಗಳನ್ನೂ ಕರೆದು ಒಂದೇ ಮಾತು ಹೇಳು. ‘ಅಂಪೈರ್ ಬಿಕ್ ಗಯಾ’ ಅಂತ ಯಾರೋ ಕೂಗಿಯೇ ಕೂಗುತ್ತಾರೆ, ನಿನಗಾದರೆ ‘ಮೇಡಮ್ಮಿಗೇನ್ ಗೊತ್ತದ’ ಅನ್ನುವುದೂ ಸೇರುತ್ತದೆ. ತಿರುಗಿ ನೋಡಬೇಡ. ಸೀಟಿ ಮಾತ್ರ ಗಟ್ಟಿಯಾಗಿ, ಒಂದೇ ಸಲ ಊದು. ಎಳೆದೆಳೆದು ಊದಿದ ಸೀಟಿಯಲ್ಲಿ ನಿನ್ನ ಅನುಮಾನ ಎಲ್ಲರಿಗೂ ಕೇಳಿಸುತ್ತದೆ.

ಈಗ ನನ್ನದೇ ಒಂದು ಕಥೆ. ಭಾಲ್ಕಿಯಲ್ಲಿ ಒಂದು ಪಂದ್ಯ, ಎರಡೂ ತಂಡ ಹತ್ತಿರಹತ್ತಿರ ಇದ್ದವು. ರೈಡರ್‌ನನ್ನು ನಾಲ್ಕು ಜನ ಒತ್ತಿಹಿಡಿದಿದ್ದರು, ಅವನು ಕೈ ಚಾಚಿದ್ದ. ನಾನು ಓಡದೆ ನಿಂತಲ್ಲೇ ನಿಂತು ಔಟ್ ಕೊಟ್ಟೆ. ದೂಳು ಇಳಿದ ಮೇಲೆ ನೋಡಿದರೆ ಮಧ್ಯಗೆರೆಯ ಪುಡಿಯಲ್ಲಿ ನಾಲ್ಕು ಬೆರಳಿನ ಗುರುತು. ಆಗಲೇ ಆಚೆ ಬದಿಯ ಅಂಪೈರ್‌ನನ್ನು ಕೇಳಿದ್ದರೆ, ರೆಫರಿಗೆ ಹೇಳಿದ್ದರೆ, ತಿದ್ದಬಹುದಿತ್ತು. ಮಾನ ಹೋಗುತ್ತದೆ ಅಂತ ಸುಮ್ಮನಾದೆ. ಮುಂದಿನ ರೈಡ್ ಶುರುವಾಯಿತು, ನನ್ನ ತಲೆಯೊಳಗೆ ಹಿಸಾಬು ಶುರುವಾಯಿತು. ಐದು ನಿಮಿಷಕ್ಕೆ ಅದೇ ತಂಡದ ಇನ್ನೊಬ್ಬ ಹುಡುಗ ಬೋನಸ್‌ಗೆ ಕಾಲು ಹಾಕಿದ. ಹಿಂದಿನ ಕಾಲು ನೆಲದಲ್ಲೇ ಇತ್ತು. ಕಣ್ಣಾರೆ ಕಂಡೂ ಬೋನಸ್ ಕೊಟ್ಟೆ. ಸಾಲ ತೀರಿತು ಅಂದುಕೊಂಡೆ. ಪಂದ್ಯ ಮುಗಿದ ಮೇಲೆ ಎದುರು ತಂಡದ ಕ್ಯಾಪ್ಟನ್, ಇನ್ನೂ ಮೀಸೆ ಮೂಡದ ಹುಡುಗ, ನೀರು ಕುಡಿಯುತ್ತಿದ್ದ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: “ಸರ್, ಮೊದಲಿಂದು ತಪ್ಪಿ ಕೊಟ್ರಿ, ನಮಗೂ ಗೊತ್ತದ. ಎರಡನೇದು ಯಾಕ್ ಕೊಟ್ರಿ?”

ಅವನಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ, ಇವತ್ತಿಗೂ ಇಲ್ಲ. ಮೊದಲನೆಯದು ಕಣ್ಣಿನ ತಪ್ಪು, ಎರಡನೆಯದು ನನ್ನ ತಪ್ಪು. ಅದಕ್ಕೇ ಹೇಳುತ್ತೇನೆ, ಯಾವ ತಂಡಕ್ಕೂ ನೀನು ಸಾಲಗಾರಳಲ್ಲ.

ನಮ್ಮ ರಾಜ್ಯದವರೇ ಆದ ಕ್ರಿಕೆಟ್ ಅಂಪೈರ್ ಎ.ವಿ. ಜಯಪ್ರಕಾಶ್ ಅವರನ್ನು ನೆನಪಿಸಿಕೋ. 1999ರ ಫೆಬ್ರುವರಿ 7, ದಿಲ್ಲಿಯ ಕೋಟ್ಲಾ ಮೈದಾನ. ಪಾಕಿಸ್ತಾನದ ಹತ್ತೂ ವಿಕೆಟ್ಟನ್ನು 74 ರನ್ನಿಗೆ ಕುಂಬ್ಳೆ ಕಿತ್ತದ್ದು ಜಯಪ್ರಕಾಶ್ ನಿಂತ ತುದಿಯಿಂದ. ಬೌಲರೂ ಕನ್ನಡಿಗ, ಅಂಪೈರೂ ಕನ್ನಡಿಗ, ಸುತ್ತ ಸಾವಿರಾರು ಜನರ ಕೂಗು. ಅವರ ಜಾಗದಲ್ಲಿ ಒಂದು ಗಳಿಗೆ ನಿಂತು ನೋಡು. ‘ಆಗಲೇ ಆರು ಕೊಟ್ಟಾಯಿತು, ಸಾಕು’ ಅಂತ ಏಳನೆಯದನ್ನು ತಡೆಯುವಂತಿಲ್ಲ, ‘ಇನ್ನೊಂದಾದರೆ ದಾಖಲೆ’ ಅಂತ ಕೊಡುವಂತೆಯೂ ಇಲ್ಲ. ಆ ಒಂದು ಚೆಂಡು ಮಾತ್ರ. ನಿನಗೆ ಆ ಒಂದು ರೈಡ್, ಅದೂ ಮೂವತ್ತೇ ಸೆಕೆಂಡು. ಮುಗಿದ ಮೇಲೆ ಕೊರಗಬೇಕೆನ್ನಿಸಿದರೆ ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆ: ಎಲ್ಲಿ ನಿಂತಿದ್ದೆ, ಏನು ಕಾಣಲಿಲ್ಲ. ಕಾಣದಿದ್ದಕ್ಕೆ ಕಾರಣ ಹೆಚ್ಚಿನ ಸಲ ನಿಂತ ಜಾಗವೇ ಆಗಿರುತ್ತದೆ.

ಸಣ್ಣಪುಟ್ಟವು ಉಳಿದವು. ಹಸಿರು, ಹಳದಿ, ಕೆಂಪು ಕಾರ್ಡುಗಳನ್ನು ಬೇರೆಬೇರೆ ಕಿಸೆಯಲ್ಲಿಡು. ಸಿಟ್ಟಿನಲ್ಲಿ ಕೈ ಹಾಕಿದಾಗ ಎಚ್ಚರಿಕೆಯ ಬದಲು ಕೆಂಪು ಬರಬಾರದು. ಮಧ್ಯಾಹ್ನದ ಊಟ ಯಾವ ಶಾಲೆಯವರ ಪಂಕ್ತಿಯಲ್ಲೂ ಬೇಡ, ಬುತ್ತಿ ಕಟ್ಟಿಕೊಂಡು ಹೋಗು. ನಿಮ್ಮೂರಿನವರಿಗೆ ಇದು ಸೊಕ್ಕು ಅನ್ನಿಸಬಹುದು, ಅನ್ನಿಸಲಿ. ಸಂಜೆ ಪಂದ್ಯವಿದ್ದರೆ ಪಡುವಣ ಬದಿಯ ಗೆರೆ ಕೇಳಿ ತೆಗೆದುಕೋ, ಸೂರ್ಯ ಬೆನ್ನಿಗಿರುತ್ತಾನೆ.

ಔರಾದಿಗೆ ಹೋಗುವ ಮುಂಚೆ ಮನೆಗೆ ಬಂದು ನನ್ನ ಹಳೆಯ ಟೇಪು ಒಯ್ಯಿ. ಮೂವತ್ತು ಮೀಟರಿನದು, ಗಟ್ಟಿ ಇದೆ. ಮೊದಲಿನ ಒಂದು ಗೇಣು ಹರಿದುಹೋಗಿದೆ, ಒಂದು ಮೀಟರಿನ ಗುರುತಿನಿಂದ ಹಿಡಿದು ಅಳೆ. ಕೊನೆಗೆ ಆ ಒಂದು ಮೀಟರ್ ಕಳೆಯುವುದನ್ನು ಮರೆಯಬೇಡ, ನಾನು ಒಮ್ಮೆ ಮರೆತಿದ್ದೆ.